ಚಳಿಪಾಲು ಕೇಳಿದ ಮೇಲೆ

ಹ್ಯಾಂಬರ್ಗ್, ಫೆಬ್ರವರಿ ಮೂವತ್ತು, ೨೧೮೪

ನನ್ನ ಅಜ್ಜಿಯ ಅಜ್ಜಿಗೂ ತಾಯಿಯಾದ ಪದ್ಮರೇಖಾ ಅಜ್ಜಿಯವರಿಗೆ ಅಲಕಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ರಜೆಯೆಂದು ಅಂಟಿಸಿದ್ದಾರೆ. ನನ್ನ ಕನ್ನಡ ವಿಚಿತ್ರವಾಗಿ ಕಂಡರೂ ಕ್ಷಮಿಸಿ. ಮನೆಯೊಳಗೇ ಆಡಿ ಉಳಿಸಿಕೊಂಡ ಭಾಷೆ ಇದು, ನಮ್ಮ ಕಾಲದ ಪದಗಳು ನಡುನಡುವೆ ನುಸುಳುತ್ತವೆ.

ನೀವು ಇದೇ ಊರಿನಿಂದ ವಿಯೆಟ್ನಾಂನ ಡಾ ನಾಂಗ್‌ಗೆ ಸಮುದ್ರಸ್ನಾನಕ್ಕೆಂದು ಹೋದ ಕಥೆ ನಮ್ಮ ಮನೆಯಲ್ಲಿ ಇನ್ನೂ ನಡೆಯುತ್ತಿದೆ. ವಿಮಾನ ಬದಲಿಸುವುದು ದೋಹಾದಲ್ಲೋ ಬ್ಯಾಂಕಾಕ್‌ನಲ್ಲೋ, ಕಿಟಕಿಯ ಸೀಟೋ ಓಡಾಡಲು ಅನುಕೂಲವಾದ ಸೀಟೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡಿರಂತೆ. ಅಲ್ಲಿಯ ಮಳೆಗಾಲ ಯಾವಾಗ ಎಂದು ನೋಡುವುದನ್ನು ಮಾತ್ರ ಮರೆತಿರಂತೆ. ನವೆಂಬರಿನಲ್ಲಿ ಹೋಗಿ, ಹೋಟೆಲಿನ ಕಿಟಕಿಯಿಂದಲೇ ಸಮುದ್ರ ನೋಡಿ ಬಂದಿರಂತೆ. ನಾನು ಜಾಣೆ, ಏಪ್ರಿಲ್ ಆರಿಸಿಕೊಂಡಿದ್ದೆ. ಇಸ್ತಾನ್‌ಬುಲ್‌ವರೆಗೆ ರೈಲು, ಅಲ್ಲಿಂದ ವಿಮಾನ, ನಡುವೆ ಒಂದು ರಾತ್ರಿ ತಂಗುವುದು ಎಂದೆಲ್ಲ ಯೋಜನೆಯೂ ಆಗಿತ್ತು.

ನಮ್ಮಲ್ಲಿ ದೂರದ ವಿಮಾನ ಹತ್ತಬೇಕಾದರೆ ಚಳಿಪಾಲು ಕೇಳಬೇಕು. ಎಂದರೆ, ನಾವು ಹಾರುವ ಮುಂಚೆ ನಮ್ಮ ಕಟ್ಟಡದವರೆಲ್ಲ ಒಂದು ತಿಂಗಳು ಮನೆ ಬೆಚ್ಚಗಿಡುವ ಯಂತ್ರವನ್ನು ನಿಲ್ಲಿಸಿ, ನಮಗಾಗಿ ಇಂಧನ ಉಳಿಸಿಕೊಡುತ್ತಾರೆ. ಹೋಗುವವರು ಮನೆಮನೆಯ ಬಾಗಿಲು ತಟ್ಟಿ ಒಪ್ಪಿಗೆ ಕೇಳಬೇಕು. ಒಂದು ಮನೆ ಒಲ್ಲೆ ಎಂದರೂ ಪ್ರಯಾಣವಿಲ್ಲ. ಆದರೆ ಕಾರಣ ಕೇಳುವ ಪದ್ಧತಿಯಿಲ್ಲ. ಸಾವು, ಕಾಯಿಲೆ, ಹೆರಿಗೆ ಬಿಟ್ಟು ಬೇರೆ ಯಾವುದಕ್ಕೂ ಯಾರೂ ಚಳಿಪಾಲು ಕೇಳುವುದೇ ಇಲ್ಲವಾದ್ದರಿಂದ, ವಿಚಾರಿಸುವುದನ್ನು ಒರಟುತನವೆಂದು ತಿಳಿಯುತ್ತಾರೆ.

ನನ್ನ ಅಕ್ಕ ಕ್ಷಮಾ ಡಾ ನಾಂಗ್‌ನಲ್ಲಿದ್ದಾಳೆ. ಗಟ್ಟಿಮುಟ್ಟಾಗಿದ್ದಾಳೆ. ದಿನವೂ ಮಾತಾಡುತ್ತೇವೆ, ಅರ್ಧಕ್ಕರ್ಧ ಜಗಳವೇ. ನಿಜ ಹೇಳುತ್ತೇನೆ ಅಜ್ಜಿ, ನನಗೆ ಬೇಕಾಗಿದ್ದುದು ಅಕ್ಕನಲ್ಲ. ಹುಟ್ಟಿದಾಗಿನಿಂದ ನಾನು ಕಂಡಿರುವುದು ಚಳಿ ಕೊರೆಯುವ ಸಮುದ್ರವನ್ನೇ. ಒಮ್ಮೆ, ಒಂದೇ ಒಮ್ಮೆ, ಬೆಚ್ಚನೆಯ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ನಿಲ್ಲಬೇಕಿತ್ತು.

ಬಾಗಿಲು ತಟ್ಟಿದೆ. ಅಕ್ಕ ಅಲ್ಲಿರುವುದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ತಲೆ ತಗ್ಗಿಸಿ ಒಪ್ಪಿದರು. ಅವರು ಏನು ತಿಳಿದುಕೊಂಡರೆಂದು ನನಗೆ ಅರ್ಥವಾಯಿತು. ನಾನೂ ತಲೆ ತಗ್ಗಿಸಿಕೊಂಡೇ ಬಂದೆ.

ಚಳಿಪಾಲು ನಾಳೆಯಿಂದ ಶುರುವಾಗಬೇಕಿತ್ತು. ಇಂದು ಬೆಳಿಗ್ಗೆ ಕೆಳಗಿನ ಮನೆಯ ಗುಡ್ರುನ್ ಮೆಟ್ಟಿಲು ಹತ್ತಿ ಬಂದರು. ಎಂಬತ್ತು ದಾಟಿದವರು, ಮಂಡಿನೋವು, ಉಬ್ಬಸ. ಕೈಯಲ್ಲಿ ಒಂದು ಬಾಟಲಿ ಪ್ಲಮ್ ಜಾಮ್. ಕಾಯಿಲೆಯವರ ಬಾಯಿಗೆ ರುಚಿ ಬರುತ್ತದೆ, ಅಕ್ಕನಿಗೆ ಕೊಡು ಎಂದರು. ಒಲೆಯ ಬಿಸಿ ಸಿಗಲೆಂದು ಹಾಸಿಗೆಯನ್ನು ಅಡುಗೆಮನೆಗೆ ಎಳೆದುಕೊಂಡಿದ್ದೇನೆ, ನನ್ನ ಚಿಂತೆ ಬೇಡ ಎಂದೂ ಹೇಳಿದರು. ಬಾಟಲಿ ಹಿಡಿದುಕೊಳ್ಳಲು ನನ್ನ ಕೈ ಏಳಲಿಲ್ಲ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಎಲ್ಲವನ್ನೂ ಹೇಳಿಬಿಟ್ಟೆ.

ಅವರು ರೇಗಲಿಲ್ಲ. ಉಸಿರು ಸುಧಾರಿಸಿಕೊಂಡು ಇಷ್ಟೇ ಹೇಳಿದರು: "ನಿನ್ನ ಅಕ್ಕಂಗೆ ಅಂದ್ರೆ ನಡುಗ್ತೀನಿ ಅಲಕಾ. ನೀನು ಈಜೋಕೆ ನಾನ್ಯಾಕೆ ನಡುಗ್ಲಿ?"

ಬಾಟಲಿಯನ್ನು ವಾಪಸ್ಸು ತೆಗೆದುಕೊಂಡು, ಗೋಡೆ ಹಿಡಿದು ಇಳಿದುಹೋದರು.

ನಾಚಿಕೆಯ ಮಾತು ಇಲ್ಲಿಗೆ ಮುಗಿಯಲಿಲ್ಲ. ಬಾಗಿಲು ಹಾಕಿದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು ಅವರ ಉಬ್ಬಸವಲ್ಲ. ಇನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಚಳಿಪಾಲು ಶುರುವಾಗಿಬಿಡುತ್ತಿತ್ತಲ್ಲ ಎಂದು ಹಳಹಳಿಸಿದೆ. ಈಗಲೂ, ಇದನ್ನು ಬರೆಯುತ್ತಿರುವಾಗಲೂ, ಆ ನೀರು ಬೇಕೆನಿಸುತ್ತಿದೆ. ಇದನ್ನು ಮನೆಯಲ್ಲಿ ಯಾರ ಮುಂದೆಯೂ ಹೇಳಲಾರೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮನ್ನು ದೂರುವ ಮುಖ ನನಗಿಲ್ಲ. ನಿಮ್ಮ ಕಾಲದಲ್ಲಿ ಯಾರ ಬಾಗಿಲನ್ನೂ ತಟ್ಟಬೇಕಿರಲಿಲ್ಲ. ಈ ಕಟ್ಟಳೆ ಇಲ್ಲದಿದ್ದರೆ ನಾನೂ ತಟ್ಟುತ್ತಿರಲಿಲ್ಲ. ಒಂದೇ ಒಂದು ಬೇಡಿಕೆ. ಇನ್ನೊಮ್ಮೆ ಟಿಕೆಟ್ ನೋಡಲು ಕೂತಾಗ, ಮಳೆಗಾಲವನ್ನು ವಿಚಾರಿಸಿದ ಮೇಲೆ, ನಿಮ್ಮ ಕೆಳಗಿನ ಮನೆಯಲ್ಲಿ ಯಾರಿದ್ದಾರೆ ಎಂದೂ ಒಮ್ಮೆ ವಿಚಾರಿಸಿ.

ಅಲ್ಲಿರುವವರು ನಾವು, ಅಜ್ಜಿ.

ನಿಮ್ಮ,
ಅಲಕಾ