ಎಲೆ ದಾಟುವವರೆಗೆ

ಮಾರ್ಚ್ 3, ಸೋಮವಾರ, ಬೆಳಗ್ಗೆ 7.10

ಸ್ನಾನದ ಕ್ಯೂನಲ್ಲಿ ನಾಲ್ಕನೆಯವಳು. ಇಯರ್‌ಫೋನ್‌ನಲ್ಲಿ ಅತ್ತೆಯ ಹಾಡು, ಏಳನೇ ಸಲ. ಎಕ್ಸಾಮಾ ಅಂತ ಹಿಂದಿನವಳು ಕೇಳಿದಳು. ಅದಕ್ಕಿಂತ ವರ್ಸ್ ಅಂದೆ.

ಅತ್ತೆ, ಅಂದರೆ ಅಪ್ಪನ ತಂಗಿ, ಹೊಳೆಯ ಕಟ್ಟೆಯಲ್ಲಿ ಹಲಗೆ ಎತ್ತಿ ನೀರು ಹಂಚುವವಳು. ಗಡಿಯಾರ ನೋಡಿ ಅಲ್ಲ, ಹಾಡಿ. ಹಾಡಿನಲ್ಲಿ ಮೂರು ಪದ, ಅಂದರೆ ಮೂರು ಭಾಗ. ಮೊದಲ ಪದ ಮುಗಿಯುವವರೆಗೆ ಮೇಲಿನೂರಿನ ಕಾಲುವೆಗೆ. ಎರಡನೆಯದು ಕೆಳಗಿನೂರಿಗೆ. ಮೂರನೆಯದಕ್ಕೆ ಎರಡೂ ಬಂದ್, ನೀರು ಹೊಳೆಗೇ. ಈಗ ಮೇಲಿನೂರಿನವರದು ಹೊಸ ವಾದ: ಗಡಿಯಾರ ಸಾಕು, ಮೂರನೆಯ ಪಾಲು ವೇಸ್ಟ್. ನೀರಾವರಿ ಆಫೀಸಿನ ಫಾರ್ಮಿನಲ್ಲೂ ಎರಡೇ ಕಾಲಮ್. ಹದಿನಾಲ್ಕಕ್ಕೆ ಇಂಜಿನಿಯರ್ ನೋಡಲು ಬರುತ್ತಾರೆ. ಅತ್ತೆಯ ಗಂಟಲು ಆಪರೇಷನ್ ಆಗಿದೆ. ಒಂದು ತಿಂಗಳು ಮಾತೇ ಆಡಬಾರದು, ಹಾಡುವುದು ಎಲ್ಲಿ ಬಂತು. ಉಳಿದವಳು ನಾನೊಬ್ಬಳು. ಹಾಸ್ಟೆಲಿನಲ್ಲಿ ಬೆಳೆದವಳು, ಪ್ರೇಯರ್‌ಗೂ ಬಾಯಿ ಮಾತ್ರ ಆಡಿಸಿದವಳು.

ಮಾರ್ಚ್ 4

ಐಡಿಯಾ. ರೆಕಾರ್ಡಿಂಗ್‌ನಲ್ಲಿ ಸಾಲು ಸಾಲಿನ ಮಧ್ಯೆ ಬರೀ ಸೈಲೆನ್ಸ್, ಮುಕ್ಕಾಲು ನಿಮಿಷ. ಅತ್ತೆಗೆ ಉಸಿರು ಸಾಲುತ್ತಿರಲಿಲ್ಲವೇನೋ, ಪಾಪ. ಎಲ್ಲ ಎಡಿಟ್ ಮಾಡಿ ತೆಗೆದೆ. ನಲವತ್ತು ನಿಮಿಷದ ಪದ ಒಂಬತ್ತಕ್ಕೆ ಬಂತು. ಬೈಹಾರ್ಟ್ ಸಲೀಸು.

ಮಾರ್ಚ್ 8, ಶನಿವಾರ

ಕಟ್ಟೆಯಲ್ಲಿ ಟ್ರಯಲ್. ಒಂದಕ್ಷರ ತಪ್ಪಲಿಲ್ಲ. ಆದರೆ ಕೆಳಗಿನೂರಿನ ಪದ ಮುಗಿದಾಗ ನೀರು ಅವರ ಕಾಲುವೆಯ ಮೊದಲ ತಿರುವನ್ನೂ ಮುಟ್ಟಿರಲಿಲ್ಲ. ಅಲ್ಲಿನ ಅಜ್ಜನೊಬ್ಬ ಕೇಳಿದ:

“ಏನಮ್ಮಾ, ಬಸ್ ಹಿಡೀಬೇಕಿತ್ತಾ?”

ಎಲ್ಲರೂ ನಕ್ಕರು. ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ಅತ್ತೆ ಫೋನ್ ಕಿತ್ತುಕೊಂಡು ನನ್ನ ಫೈಲ್ ಕೇಳಿದಳು. ಸ್ಲೇಟಿನಲ್ಲಿ ಬರೆದಳು: ಹಾಡಿಗೆ ತಲೆ ಬೋಳಿಸಿದ್ದೀಯಲ್ಲೇ.

ಆಮೇಲೆ ಕಾಲುವೆಯ ಬಳಿಗೆ ಎಳೆದುಕೊಂಡು ಹೋದಳು. ಒಂದು ಎಲೆ ನೀರಿಗೆ ಬಿಟ್ಟು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಇಪ್ಪತ್ತು ಹೆಜ್ಜೆ ಆಚೆ ಕಲ್ಲುಕಂಬ. ಎಲೆ ಅದನ್ನು ದಾಟಿದಾಗ ಕೈ ತೆಗೆದಳು. ಆಗ ಮಾತ್ರ ಮುಂದಿನ ಸಾಲು! ನೀರು ಕಡಿಮೆಯಾದರೆ ಎಲೆ ನಿಧಾನ, ಪದ ಉದ್ದ. ನೀರು ಹೆಚ್ಚಿದರೆ ಎಲೆ ಓಡುತ್ತದೆ, ಪದ ಗಿಡ್ಡ. ಹೇಗಿದ್ದರೂ ಪಾಲು ಸಮ. ನಾನು ಕತ್ತರಿಸಿ ಬಿಸಾಡಿದ್ದೇ ಅಳತೆ. ಎಕ್ಸಾಮಿನಲ್ಲಿ ಫ್ಲೋ ರೇಟ್ ಬರೆದು ಫುಲ್ ಮಾರ್ಕ್ಸ್ ತಗೊಂಡವಳು ನಾನು... ಅತ್ತೆ ಓದಿದ್ದು ಮೂರನೇ ಕ್ಲಾಸು.

ಮಾರ್ಚ್ 14, ಶುಕ್ರವಾರ, 12.20, ಕಟ್ಟೆಯ ಮೇಲೆ

ಹಾಡಿನಿಂದ ನೀರು ಅಳೆಯುವುದು ಯಾವ ಕಾಲದ ಮಾತು ಅಂತ ಮೇಲಿನೂರಿನ ಯಜಮಾನರು ಶುರು ಮಾಡಿದರು. ಇಂಜಿನಿಯರ್ ನನ್ನ ಕಡೆ ನೋಡಿದರು. ಹೇಗೋ ಹೇಳಿದೆ:

“ಸರ್, ನೀರು ಕಮ್ಮಿಯಾಗಿದ್ದು ಗಡಿಯಾರಕ್ಕೆ ಗೊತ್ತಾಗಲ್ಲ. ಈ ಹಾಡಿಗೆ ಗೊತ್ತಾಗುತ್ತೆ.”

ಮೊದಲ ಪದ ಹಾಡಿದೆ, ಪ್ರತಿ ಎಲೆಗೂ ಕಾದು. ಹೊಳೆ ಸೊರಗಿದೆ. ಯಜಮಾನರ ವಾಚಿನಲ್ಲೇ ಐವತ್ತೆರಡು ನಿಮಿಷ. ಅವರು ಕೇಳಿದ್ದ ಗಡಿಯಾರದ ಲೆಕ್ಕವಾದರೆ ನಲವತ್ತಕ್ಕೇ ಅವರ ಕಾಲುವೆಗೆ ಹಲಗೆ ಬೀಳುತ್ತಿತ್ತು. ವಾಚನ್ನು ಎರಡು ಸಲ ಕಿವಿಗೆ ಹಿಡಿದು ನೋಡಿದರು.

ಮೂರನೆಯದು ಯಾರಿಗೆ ಅಂತ ಇಂಜಿನಿಯರ್ ಕೇಳಿದರು.

“ಹೊಳೆಗೆ ಸರ್. ಅದೇ ಬತ್ತಿಹೋದ್ರೆ ನಾವು ಹಂಚ್ಕೊಳ್ಳೋದೇನನ್ನ?”

ಇಂಜಿನಿಯರ್ ಸ್ಕೇಲ್ ಇಟ್ಟು ಫಾರ್ಮಿನಲ್ಲಿ ಮೂರನೇ ಕಾಲಮ್ ಎಳೆದರು. ಹಾಡು ಯಾರು ಕಲಿಸಿದ್ದು ಅಂತ ಕೇಳಿದರು. ಅತ್ತೆಯ ಕಡೆ ಕೈ ತೋರಿಸಿದೆ. ನನ್ನ ಜೀವಮಾನದಲ್ಲಿ ಇಷ್ಟು ನೆಟ್ಟಗೆ ಕೈ ಚಾಚಿದ್ದಿಲ್ಲ.

1.25

ಕೆಳಗಿನೂರಿನದೂ ಮುಗಿಯಿತು. ಯಜಮಾನರು ಯಾರಿಗೂ ಹೇಳದೆ ಎದ್ದು ಹೋಗಿ, ತಮ್ಮ ಕಾಲುವೆಯ ಹಲಗೆ ಜಿನುಗುತ್ತಿದ್ದ ಕಡೆ ಮಣ್ಣು ಮೆತ್ತಿ ಬಂದರು. ಕೈ ತೊಳೆಯುತ್ತಾ ಅಂದರು:

“ನಿಧಾನಕ್ಕೆ ಹಾಡು ಮಗಳೇ. ಹೊಳೆ ಪಾಲು ಹೊಳೆಗೆ ಪೂರ್ತಿ ಹೋಗ್ಲಿ.”

ಹೊಳೆಯ ಒಣಕಲ್ಲುಗಳು ಒಂದೊಂದೇ ಕಪ್ಪಾಗುತ್ತಿವೆ. ಮೂರನೆಯ ಪದಕ್ಕೆ ಎಲ್ಲರೂ ನನ್ನ ಕಡೆಯೇ... ಅತ್ತೆ ಪೆನ್ ಕಿತ್ತುಕೊಳ್ಳು—