ಮೂರು ಅಂದರೆ

ಡಿಸೆಂಬರ್ 2, ಮಂಗಳವಾರ. ಬೆಳಿಗ್ಗೆ 8.20

ವ್ಯಾನ್ ಇವತ್ತೂ ಕೈಕೊಟ್ಟಿತು. ಕೀ ತಿರುಗಿಸಿದ್ದೇ ತಿರುಗಿಸಿದ್ದು. ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ಸುಮ್ಮನಾಯಿತು. ಹಿಂದೆ ಹೋಟೆಲಿಗೆ ಕೊಡಬೇಕಾದ ಒಗೆದ ಚಾದರಗಳ ಗಂಟು, ಮಡಚಿಟ್ಟ ಗಾಲಿಕುರ್ಚಿ. ಪಕ್ಕದಲ್ಲಿ ಅಪ್ಪ — ಮಫ್ಲರ್ ಸುತ್ತಿ, ತಲೆ ಬಾಚಿಕೊಂಡು, ಮೊದಲ ದಿನ ಶಾಲೆಗೆ ಹೊರಟ ಮಗುವಿನ ಹಾಗೆ. ಎಂಟಕ್ಕೆ ಆಸ್ಪತ್ರೆಯಲ್ಲಿ ಮಾತಿನ ಕ್ಲಾಸ್. ತಪ್ಪಿತು. ಫೋನ್ ಮಾಡಿದೆ. ಕ್ಲಾಸಿನ ಮೇಡಂ ಬೈಯಲಿಲ್ಲ. ಇನ್ನೊಂದು ಸಲ ತಪ್ಪಿದರೆ ಜಾಗ ಬೇರೆಯವರಿಗೆ ಹೋಗುತ್ತದೆ ಅಂದರು, ಅಷ್ಟೆ.

ಅಪ್ಪ ಡ್ಯಾಶ್‌ಬೋರ್ಡ್ ತಟ್ಟಿ "ಮೂರು" ಅಂದ. ಸ್ಟ್ರೋಕ್ ಆದಮೇಲೆ ಉಳಿದಿರುವುದು ಅದೊಂದೇ ಮಾತು. ನೀರಿಗೂ ಮೂರು, ಬಾತ್‌ರೂಮಿಗೂ ಮೂರು, ನನ್ನ ಹೆಸರೂ ಮೂರು. ಪದ ನಾಲಿಗೆಗೆ ಅಂಟಿಕೊಂಡುಬಿಡುತ್ತೆ, ಅರ್ಥ ಹುಡುಕಬೇಡಿ — ಡಾಕ್ಟರ್ ಹೇಳಿದ್ದು. ಮತ್ತೆ ತಟ್ಟಿದ. "ಮೂರು." ರೇಗಿಬಿಟ್ಟೆ. ಸಾಕು ಸುಮ್ಮನಿರಪ್ಪ ಅಂದೆ. ತಟ್ಟುತ್ತಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡ. ಅದೇ ಹೆಚ್ಚು ಸಂಕಟ ಆಯಿತು.

ಡಿಸೆಂಬರ್ 3. ಮಧ್ಯಾಹ್ನ

ಹೊಸ ಬ್ಯಾಟರಿ ಹಾಕಿಸಿದೆ. ಬಿಸಿಲಲ್ಲಿ ಒಂದೇ ಏಟಿಗೆ ಸ್ಟಾರ್ಟ್. ದೊಡ್ಡ ಎಂಜಿನಿಯರ್ ಥರ ಬೀಗಿದೆ.

ಡಿಸೆಂಬರ್ 4. ಬೆಳಿಗ್ಗೆ

ಮತ್ತೆ ಅದೇ ಕೆಮ್ಮು. ಎಂಜಿನಿಯರಮ್ಮ ಬಸ್ಸಿನಲ್ಲಿ ಗಂಟು ಹೊತ್ತಳು.

ಡಿಸೆಂಬರ್ 8, ಸೋಮವಾರ. ಸಂಜೆ

ಟ್ಯಾಕ್ಸಿಯವನು ಗಾಲಿಕುರ್ಚಿ ಅಂದಕೂಡಲೇ ಫೋನ್ ಇಟ್ಟ. ನಾಳೆ ಮಂಗಳವಾರ. ಬೇರೆ ದಾರಿ ಇಲ್ಲದೆ ಮೆಕ್ಯಾನಿಕ್ ಮಾಮನನ್ನು ಕರೆದೆ — ಅಪ್ಪನ ಹಳೇ ದೋಸ್ತ್. ಕೀ ಹಾಕಿದ ಮೇಲೆ ಡ್ಯಾಶ್‌ಬೋರ್ಡಿನ ಸುರುಳಿ ದೀಪ ಆರೋವರೆಗೂ ಕಾಯ್ತೀಯಾ ಅಂತ ಕೇಳಿದರು. ಕಾಯದೆ ಏನು! ಚಿಕ್ಕವಳಿದ್ದಾಗ ಅಪ್ಪನ ತೊಡೆ ಮೇಲೆ ಕೂತು ಕಲಿತದ್ದು. ಚಳಿ ಬೆಳಿಗ್ಗೆ ಇಬ್ಬರೂ ಎಣಿಸುತ್ತಿದ್ದೆವು, ಒಂದು, ಎರಡು... ಡೀಸೆಲ್‌ಗೆ ಕಡ್ಡಿ ಗೀರೋರು ಯಾರೂ ಇಲ್ಲ, ಒತ್ತಿದ ಗಾಳಿ ಬಿಸಿಯಾದರೆ ತಾನೇ ಹೊತ್ತಿಕೊಳ್ಳಬೇಕು ಅನ್ನುತ್ತಿದ್ದ ಅಪ್ಪ. ಚಳಿಗೆ ಕಬ್ಬಿಣ ಆ ಬಿಸಿಯನ್ನೆಲ್ಲ ನುಂಗಿಬಿಡುತ್ತೆ. ಅದಕ್ಕೇ ಗ್ಲೋ ಪ್ಲಗ್ ಮೊದಲು ಕೆಂಪಗೆ ಕಾದು ಒಳಗೆ ಬೆಚ್ಚಗೆ ಮಾಡುತ್ತೆ. ಅವಸರ ಮಾಡಬಾರದು.

ಮಾಮ ನಾಲ್ಕೂ ಪ್ಲಗ್ ಬಿಚ್ಚಿ ಬಟ್ಟೆ ಮೇಲೆ ಸಾಲಾಗಿ ಇಟ್ಟರು. ಮೊದಲ ಎರಡು ಫಳಫಳ ಹೊಸದು. ಆಮೇಲಿನ ಎರಡು ಸುಟ್ಟ ಇದ್ದಿಲು.

"ಅರ್ಧ ಕೆಲಸ ಮಾಡಿ ಎದ್ದುಹೋದೋರು ಯಾರಮ್ಮ?"

ಅಪ್ಪ ಎದ್ದು ಹೋಗಲಿಲ್ಲ. ಬಿದ್ದ. ಸೆಪ್ಟೆಂಬರಿನಲ್ಲಿ, ಬಾನೆಟ್ ತೆರೆದಿತ್ತು, ಸ್ಪ್ಯಾನರ್ ಕೈಯಲ್ಲೇ ಇತ್ತು. ಆಯಿಲ್ ನೋಡುತ್ತಿದ್ದ ಅಂದುಕೊಂಡಿದ್ದೆವು. ಈಗ ಮನೆಯೊಳಗೆ ಓಡಿದೆ. ಆವತ್ತಿನ ಕೋಟು ಬಾಗಿಲ ಹಿಂದೆ ಇನ್ನೂ ನೇತಾಡುತ್ತಿತ್ತು. ಜೇಬಿನಲ್ಲಿ ಪೇಪರ್ ಸುತ್ತಿದ ಪೊಟ್ಟಣ, ಅದರೊಳಗೆ ಎರಡು ಹೊಸ ಪ್ಲಗ್. ಬೆರಳುದ್ದ, ಪೆನ್ಸಿಲ್‌ನಂಥ ತುದಿ.

ಅಪ್ಪನ ಅಂಗೈಯಲ್ಲಿಟ್ಟೆ. ತುಂಬ ಹೊತ್ತು ನೋಡಿದ. ಒಂದನ್ನು ಎತ್ತಿ ನನಗೆ ಕೊಟ್ಟ.

"ಮೂರು."

"ಹೌದಪ್ಪ. ಮೂರನೇ ಪ್ಲಗ್. ನಂಗೆ ಗೊತ್ತಾಗ್ಲಿಲ್ಲ."

ಮೂರು ತಿಂಗಳು ಅದೇ ಕೆಲಸ ಹೇಳುತ್ತಾ ಕೂತಿದ್ದನೇ? ನಾನು ನೀರು ತಂದುಕೊಡುತ್ತಿದ್ದೆ. ಅತ್ತುಬಿಟ್ಟೆ, ಮಾಮನ ಎದುರಿಗೇ. ಅಪ್ಪ ಎಡಗೈಯಿಂದ ನನ್ನ ಕೆನ್ನೆ ಒರೆಸಿದ, ಗ್ರೀಸ್ ಬಳಿದ. ಆಮೇಲೆ ನೀರಿಗೂ ಮೂರು ಅಂದ. ಡಾಕ್ಟರ್ ಹೇಳಿದ್ದೂ ಪೂರ್ತಿ ಸುಳ್ಳಲ್ಲ.

ಡಿಸೆಂಬರ್ 9, ಮಂಗಳವಾರ. 8.15, ಆಸ್ಪತ್ರೆ ಬೆಂಚು

ಗಾಜಿನ ಮೇಲೆಲ್ಲ ಮಂಜು. ಎರಡೂ ಪ್ಲಗ್ ಮಾಮ ನಿನ್ನೆಯೇ ಹಾಕಿದ್ದರು. ಕೀ ಅರ್ಧ ತಿರುಗಿಸಿದೆ, ಸುರುಳಿ ದೀಪ ಹತ್ತಿತು. ಅಭ್ಯಾಸಬಲ — "ಒಂದು" ಅಂದೆ. ಪಕ್ಕದಿಂದ ಅಪ್ಪ, "ಎರಡು." "ಮೂರು" ಅಂದ, ಅಲ್ಲೇ ನಿಂತ. ದೀಪ ಆರಿತು. ನಾನು ಸ್ಟಾರ್ಟ್ ಮಾಡಲಿಲ್ಲ. ಮುಂದಿನದು ಹೇಳಿಕೊಡಲೂ ಇಲ್ಲ. ಕೀ ಹಿಂದಕ್ಕೆ, ಮತ್ತೆ ಮುಂದಕ್ಕೆ. ಎರಡನೇ ಸಲ ಹತ್ತಿತು, ಆರಿತು. ಮೂರನೇ ಸಲ ಹತ್ತಿದಾಗ ತುಟಿ ಅಲ್ಲಾಡಿತು.

"ನಾಲ್ಕು."

ಎಂಜಿನ್ ಒಂದೇ ಏಟಿಗೆ ಎದ್ದಿತು. ದಾರಿಯುದ್ದಕ್ಕೂ ನಗುತ್ತಲೇ ಓಡಿಸಿದೆ.

ಮೇಡಂಗೆ ಎಲ್ಲ ಹೇಳಿದ್ದೇನೆ. ಒಳಗೆ ಈಗ ಎಣಿಸುತ್ತಿದ್ದಾರೆ. ಬಾಗಿಲು ಅರ್ಧ ತೆರೆದಿದೆ. ಒಂದು. ಎರಡು. ಮೂರು. ನಾಲ್ಕು... ಮೇಡಂ ಹೇಳಿಕೊಡುತ್ತಿಲ್ಲ, ಅವರೂ ಕಾಯುತ್ತಿದ್ದಾರೆ. ನಾನೂ. ಅಪ್ಪ ಗಂಟಲು ಸರಿಮಾಡಿಕೊಂಡ. ಐ—