ಚಳಿಗಾಲದ ನಿದ್ದೆಯ ಪಾಠ

ಎದುರಿಗೆ ನಿಂತು ಎಂದೂ ಸರಿಯಾಗಿ ಮಾತಾಡಲಾಗದ ಶಿಷ್ಯನಿಂದ, ಮಾಸ್ತರರಿಗೆ,

ಸಿದ್ದಾಪುರದ ಹೈಸ್ಕೂಲಿನಲ್ಲಿ ಒಂದು ಚಳಿಯ ಬೆಳಿಗ್ಗೆ, ಮಾಡಿನಿಂದ ಬಿದ್ದ ಪುಟ್ಟ ಬಾವಲಿಯೊಂದನ್ನು ನೀವು ಅಂಗೈಯಲ್ಲಿಟ್ಟು ತಂದಿರಿ. ಕಲ್ಲಿನಷ್ಟು ತಣ್ಣಗಿತ್ತು. ಸತ್ತಿದೆ ಎಂದೆವು ನಾವು. ನೀವು ಒಪ್ಪಲಿಲ್ಲ. ಪಾಠ ಮುಗಿಯುವ ಹೊತ್ತಿಗೆ ಅದು ನಡುಗಿ ನಡುಗಿ ಮೈ ಕಾಯಿಸಿಕೊಂಡು ಕಿಟಕಿಯಿಂದ ಹಾರಿಹೋಯಿತು. ಚಳಿದೇಶಗಳಲ್ಲಿ ಇಂಥವು ತಿಂಗಳುಗಟ್ಟಲೆ ಹೀಗೇ ಮಲಗುತ್ತವೆ ಎಂದು ನೀವು ಹೇಳುತ್ತಿದ್ದರೆ ನಾನು ಕಿಟಕಿಯನ್ನೇ ನೋಡುತ್ತಿದ್ದೆ.

ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಊರಿಗೆ, ಕಾನಸೂರಿಗೆ, ಮರಳಿದ ವರ್ಷ, ಆ ನಿದ್ದೆಯ ಬಗ್ಗೆ ನೀವು ಬರೆದ ಲೇಖನದ ಕನ್ನಡ ತಿದ್ದಲು ನನ್ನನ್ನು ಕರೆದಿರಿ. ಅರ್ಥವಾಗದ ವಾಕ್ಯವನ್ನು ತಿದ್ದಕೂಡದೆಂಬುದು ನಿಮ್ಮ ಹಠ. ಒಂದೊಂದರ ಅರ್ಥವನ್ನೂ ನನ್ನ ಬಾಯಿಂದಲೇ ಹೇಳಿಸುತ್ತಿದ್ದಿರಿ. ರಕ್ತದ ಕೆಂಪು ಕಣಗಳು ಪ್ರಾಣವಾಯುವನ್ನು ಹೊತ್ತು ಮೈಗೆಲ್ಲ ಹಂಚುತ್ತವೆ. ಮೈ ತಣ್ಣಗಾದಷ್ಟೂ ಆ ಹೊರೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಸುಲಭಕ್ಕೆ ಬಿಡುವುದಿಲ್ಲ. ನಾನು ಅಲ್ಲಿ 'ಜಿಪುಣ ರಕ್ತ' ಎಂದು ಸೇರಿಸಿದೆ. ನೀವು ನಕ್ಕು ಹೊಡೆದುಹಾಕಿದಿರಿ.

"ಜಿಪುಣ ಅಲ್ಲ ಮಾರಾಯಾ, ಕೇಳೋರೇ ಕಡಿಮೆ ಆಗಿರ್ತಾರೆ."

ಮಲಗಿದ ಮೈಯ ಹಸಿವೇ ಕುಗ್ಗಿರುತ್ತದೆ, ಎಲ್ಲೋ ಒಮ್ಮೆ ಎಳೆದ ಉಸಿರೂ ಸಾಕು. ಮೈ ಕಾಯುತ್ತಿದ್ದಂತೆ ರಕ್ತದ ಹಿಡಿತವೂ ಸಡಿಲಾಗುತ್ತದೆ. ಸಾಹಿತ್ಯ ಓದಿದವನಿಗೆ ಇದೆಲ್ಲ ಯಾವ ಕಾಲಕ್ಕೆ ಬೇಕಾದೀತು ಎಂದುಕೊಂಡಿದ್ದೆ...

ನನ್ನ ತಂಗಿ ಭವಾನಿ ನಿಮಗೆ ನೆನಪಿರಬೇಕು. ನಿಮ್ಮ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದಳಲ್ಲ? ನೀವು ತೀರಿಕೊಂಡ ಮರುವರ್ಷ ಅವಳನ್ನು ಮುಂಬಯಿಯ ಆಸ್ಪತ್ರೆಗೆ ಕರೆದೊಯ್ದೆವು. ಹೃದಯದಲ್ಲಿ ತೂತು. ಮಂಜುಗಡ್ಡೆಯ ನೀರಿನಲ್ಲಿ ಮಲಗಿಸಿ ಮೈ ತಣಿಸುತ್ತೇವೆ, ಕೆಲವು ನಿಮಿಷ ರಕ್ತದ ಓಟ ನಿಲ್ಲಿಸಿ ತೂತು ಹೊಲಿಯುತ್ತೇವೆ ಎಂದರು ಡಾಕ್ಟರು. ಹಾಗೇ ಬಿಟ್ಟರೆ ಹುಡುಗಿ ಹೆಚ್ಚು ಕಾಲ ಉಳಿಯಲಾರಳು ಎಂದರು. ಆಯಿ ಮಗಳನ್ನು ಊರಿಗೆ ವಾಪಸು ಕರೆದೊಯ್ಯಲು ಗಂಟುಮೂಟೆ ಕಟ್ಟತೊಡಗಿದಳು.

"ತಣ್ಣಗಿನ ಮೈ ಆನು ಒಂದೇ ಸಲ ಮುಟ್ಟಿದ್ದು, ತಮಾ. ನಿನ್ನ ಅಪ್ಪಂದು."

ಆಸ್ಪತ್ರೆಯ ವರಾಂಡದಲ್ಲಿ, ಗುರುತಿಲ್ಲದ ಅಷ್ಟು ಜನರ ನಡುವೆ, ನಾನು ಬಾವಲಿಯ ಕತೆ ಹೇಳಿದೆ. ನೀವು ಹೇಳಿಸುತ್ತಿದ್ದಂತೆಯೇ, ಒಂದೊಂದೇ ವಾಕ್ಯ. ಆಯಿ ಅಕ್ಷರ ಕಲಿತವಳಲ್ಲ, ಆದರೆ ಪ್ರಶ್ನೆ ನೋಡಿ: "ರಕ್ತ ಬಿಟ್ಟೇ ಕೊಡ್ತಿಲ್ಲೆ ಅಂದ್ರೆ ಕೂಸಿನ ಗತಿ ಎಂತದು?" ತಣ್ಣಗಾದ ಮೈ ಕೇಳುವುದೇ ಕಡಿಮೆ ಎಂದೆ. ಮನುಷ್ಯ ಬಾವಲಿಯಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅದು ತಾನಾಗಿ ಬೆಚ್ಚಗಾಗುತ್ತದೆ, ಇವಳನ್ನು ಬೇರೆಯವರು ಬೆಚ್ಚಗೆ ಮಾಡಬೇಕು.

ನಾನು ಹೇಳಲು ಹೆದರಿದ್ದ ಆ ಮಾತೇ ಆಯಿಗೆ ಹಿಡಿಸಿತು. ಗಂಟು ಕೆಳಗಿಟ್ಟಳು. "ಹಂಗಾದ್ರೆ ಆನೂ ಅಲ್ಲೇ ಇರ್ತೆ."

ಆಪರೇಶನ್ ಮುಗಿಸಿ ವಾರ್ಡಿಗೆ ತಂದಾಗ ಭವಾನಿಯ ಪಾದಗಳು ಇನ್ನೂ ತಣ್ಣಗಿದ್ದವು. ಆಯಿ ಅವನ್ನು ತನ್ನ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. ನರ್ಸು ಏಳಿಸಿದರೂ ಏಳಲಿಲ್ಲ. ಆ ಹೊತ್ತು ನನಗೆ ನಿಮ್ಮ ಹೊರತು ಬೇರೆ ಯಾರ ನೆನಪೂ ಆಗಲಿಲ್ಲ. ಒಂದು ವಾಕ್ಯವನ್ನಾದರೂ ಅರ್ಥವಾಗದೆ ದಾಟಲು ನೀವು ಬಿಟ್ಟಿದ್ದರೆ ನಾನು ಆಯಿಗೆ ಏನು ಹೇಳುತ್ತಿದ್ದೆ?

ಮೊನ್ನೆ ಅಂಕೋಲೆಯಲ್ಲಿ ನೆಂಟರ ಮದುವೆ ಮುಗಿಸಿ ಬರುವಾಗ ಅರಬೈಲ್ ಘಟ್ಟದಲ್ಲಿ ಬಸ್ಸು ಕೆಟ್ಟಿತು. ಎಲ್ಲರೂ ಇಳಿದು ನಡೆದೆವು. ಭವಾನಿ ಎಲ್ಲರನ್ನೂ ಹಿಂದೆ ಹಾಕಿ ತಿರುವಿನಲ್ಲಿ ಮರೆಯಾದಳು. ಆಯಿ ಸೊಂಟ ಹಿಡಿದು ನಿಂತು, ಏದುಸಿರು ಬಿಡುತ್ತ, ನಿಲ್ಲೇ ಎಂದು ಬೈದಳು. ಮೇಲಿನಿಂದ ನಗು ಕೇಳಿಸಿತು. ಹುಡುಗಿ ನಿಲ್ಲಲಿಲ್ಲ, ಮಾಸ್ತರ್ರೇ.